ಅಕ್ಕಿ ರಫ್ತು ನಿಷೇಧ: ಉಣ್ಣುವವರಿಗೆ ನೆಮ್ಮದಿ, ಬೆಳೆಯುವವರಿಗೆ?

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಬೇಕು. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸಿದ ಮೇಲೆ, ಹಬ್ಬದ ದಿನ ತೆನೆಯನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಇಗರ್ಜಿಗೆ ತಂದು, ಮನೆಮನೆಗೆ ಹಂಚುವುದು ನಮ್ಮ ಕರಾವಳಿಯ ಕಥೊಲಿಕರಲ್ಲಿ ಹಿಂದಿನಿಂದ ಬಂದ ಕ್ರಮ. ಆ ಭತ್ತದ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸೇವಿಸಿದರೆ ಹೊಸ ಅಕ್ಕಿ ಊಟವಾಯಿತು. ಆದರೆ ಆ ತೆನೆ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಧರ್ಮಗುರುಗಳಿಗೆ ಮತ್ತು ಗುರಿಕಾರರಿಗೆ ಮಾತ್ರ ಅದರ ಕಷ್ಟ ಗೊತ್ತು. ಆಗಸ್ಟ್ ಕೊನೆಯ ವಾರದಲ್ಲಿ ‘ಯಾರ ಗದ್ದೆಯಲ್ಲಿ ತೆನೆ ಹೊರಟಿದೆ?’ ಎಂಬ ಫೋನು ಶುರುವಾಗುತ್ತದೆ. ಹಿಂದೆ ಇಗರ್ಜಿಯ ಕೆಳಗಿನ ಬೈಲಿನಿಂದ ಬರುತ್ತಿದ್ದ ತೆನೆ ಈಗ ಎಷ್ಟೋ ಧರ್ಮಕೇಂದ್ರಗಳಿಗೆ ಎರಡು ಮೂರು ಊರು ದಾಟಿ ಟೆಂಪೋದಲ್ಲಿ ಬರುತ್ತದೆ.

2023ರಲ್ಲಿ ಈ ಹುಡುಕಾಟ ಇನ್ನಷ್ಟು ಕಷ್ಟವಾಗಿತ್ತು. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ ಜೂನ್ 8ರಂದು. ಅದೇ ವಾರ ಅರಬ್ಬಿ ಸಮುದ್ರದಲ್ಲಿ ಎದ್ದ ಬಿಪರ್‌ಜಾಯ್ ಚಂಡಮಾರುತ ಮೋಡಗಳನ್ನು ಗುಜರಾತಿನ ಕಡೆಗೆ ಎಳೆದೊಯ್ದಿತು. ನೇಜಿ ಹಾಕುವುದು ತಡವಾಯಿತು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಎಂಓ4 ತಳಿಗೆ ಬಿತ್ತನೆಯಿಂದ ಕಟಾವಿಗೆ ಸುಮಾರು ನಾಲ್ಕು ತಿಂಗಳು ಬೇಕು. ಜೂನ್ ಆರಂಭದಲ್ಲೇ ಬಿತ್ತಿದವರ ಗದ್ದೆಯಲ್ಲಿ ಮಾತ್ರ ಮೊಂತಿ ಹಬ್ಬಕ್ಕೆ ತೆನೆ ಕಾಣಬಹುದು. ಜುಲೈಯಲ್ಲಿ ಸುರಿದ ಮಳೆ ಆಗಸ್ಟಿನಲ್ಲಿ ಮತ್ತೆ ಕೈಕೊಟ್ಟಿತು. ದೇಶದ ಲೆಕ್ಕದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದದ್ದೇ ಇಲ್ಲ. ವಾಡಿಕೆಗಿಂತ ಶೇಕಡಾ 36ರಷ್ಟು ಮಳೆ ಕಡಿಮೆ. ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರ ಕೊನೆಗೆ ಘೋಷಿಸಬೇಕಾಯಿತು. ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯಾದರೆ ನಮ್ಮ ಮಳೆ ಕುಂಠಿತವಾಗುವುದುಂಟು. ‘ಎಲ್ ನಿನೊ’ ಎಂದು ಕರೆಯುವ ಈ ವಿದ್ಯಮಾನ ಆ ವರ್ಷ ತಲೆಯೆತ್ತಿತ್ತು. ಈ ಹೆಸರಿಗೆ ಸ್ಪಾನಿಷ್ ಭಾಷೆಯಲ್ಲಿ ಬಾಲಯೇಸು ಎಂದು ಅರ್ಥ. ಪೆರು ದೇಶದ ಮೀನುಗಾರರು ಕ್ರಿಸ್ಮಸ್ ಹೊತ್ತಿಗೆ ಬರುವ ಬಿಸಿ ನೀರಿನ ಪ್ರವಾಹಕ್ಕೆ ಇಟ್ಟ ಹೆಸರದು.

ಹೀಗೆ ಆಕಾಶ ನೋಡುತ್ತಾ ಕುಳಿತಿದ್ದ ಜುಲೈ ತಿಂಗಳಲ್ಲೇ, 20ರಂದು, ಕೇಂದ್ರ ಸರಕಾರ ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತನ್ನು ನಿಷೇಧಿಸಿತು. ಆಗಸ್ಟ್ 25ರಂದು ಕುಚಲಕ್ಕಿಯ ರಫ್ತಿಗೆ ಶೇಕಡಾ 20 ಸುಂಕ ಬಿತ್ತು. ಮರುದಿನಗಳಲ್ಲೇ ಬಾಸ್ಮತಿಗೆ ಟನ್ನಿಗೆ 1,200 ಡಾಲರಿನ ಕನಿಷ್ಠ ಬೆಲೆ ನಿಗದಿಯಾಯಿತು. ನುಚ್ಚಕ್ಕಿಯ ರಫ್ತು 2022ರ ಸೆಪ್ಟೆಂಬರಿನಲ್ಲೇ ನಿಂತಿತ್ತು. ಅದಕ್ಕೂ ಮೊದಲು 2022ರ ಮೇ 13ರಂದು ಗೋಧಿಯ ಸರದಿ. ಆ ವರ್ಷದ ಮಾರ್ಚ್ ತಿಂಗಳ ಸೆಕೆಗೆ ಉತ್ತರ ಭಾರತದ ಗೋಧಿ ಕಾಳು ಹೊಲದಲ್ಲೇ ಮುರುಟಿತ್ತು. ಉಕ್ರೇನ್ ಯುದ್ಧದಿಂದ ಜಗತ್ತಿಗೆ ಗೋಧಿ ಸಾಲದಾಗಿತ್ತು. ‘ಅನುಮತಿ ಕೊಟ್ಟರೆ ನಾವು ಜಗತ್ತಿಗೆ ಆಹಾರ ಒದಗಿಸಬಲ್ಲೆವು’ ಎಂಬರ್ಥದ ಮಾತು ಏಪ್ರಿಲ್ ತಿಂಗಳಲ್ಲಿ ದೇಶದ ಅತ್ಯುನ್ನತ ಸ್ಥಾನದಿಂದ ಕೇಳಿಬಂದಿತ್ತು. ತಿಂಗಳು ತುಂಬಿ ಒಂದೆರಡು ದಿನವಾಗುವಷ್ಟರಲ್ಲಿ ಬಾಗಿಲು ಮುಚ್ಚಿತು.

ಈ ಅಕ್ಕಿ ನಿಷೇಧಗಳೆಲ್ಲ ಈಗ ತೆರವಾಗಿವೆ. ಬೆಳ್ತಿಗೆ ಅಕ್ಕಿಗೆ 2024ರ ಸೆಪ್ಟೆಂಬರ್ 28ರಂದು ಅನುಮತಿ ಸಿಕ್ಕಿತು, ಅಕ್ಟೋಬರಿನಲ್ಲಿ ಕುಚಲಕ್ಕಿಯ ಸುಂಕ ಹೋಯಿತು, 2025ರ ಮಾರ್ಚ್‌ನಲ್ಲಿ ನುಚ್ಚಕ್ಕಿಯೂ ಮುಕ್ತವಾಯಿತು. ಹಾಗಿದ್ದರೂ ಹಳೆಯ ವಿಷಯವನ್ನು ಈಗ ಎತ್ತಿಕೊಂಡದ್ದೇಕೆ ಎಂದು ಓದುಗರು ಕೇಳಬಹುದು. ಮಳೆ ಇನ್ನೊಮ್ಮೆ ತಪ್ಪಿದರೆ ಇದೇ ಆದೇಶಗಳು ಇದೇ ಕ್ರಮದಲ್ಲಿ ಬರುತ್ತವೆ ಎಂಬ ವಿಷಯದಲ್ಲಿ ನಮಗೆ ಸಂಶಯವಿಲ್ಲ. 2007ರ ಅಕ್ಟೋಬರಿನಲ್ಲಿ ಬಂದಿದ್ದವು. ಆ ಬಾರಿಯ ನಿರ್ಬಂಧ ಪೂರ್ತಿ ಸಡಿಲವಾಗಲು 2011ರ ಸೆಪ್ಟೆಂಬರ್ ಆಗಬೇಕಾಯಿತು. ಆಗ ದೆಹಲಿಯಲ್ಲಿ ಬೇರೆ ಪಕ್ಷದ ಆಡಳಿತವಿತ್ತು. ಆದ್ದರಿಂದ ಇದನ್ನು ಒಂದು ಪಕ್ಷದ ಪರ ಅಥವಾ ವಿರುದ್ಧದ ಲೇಖನವೆಂದು ದಯವಿಟ್ಟು ತಿಳಿಯಬೇಡಿ.

ಸರಕಾರದ ಕಡೆಯ ನ್ಯಾಯವನ್ನೂ ಹೇಳಲೇಬೇಕು. ನಿಷೇಧ ಹೇರಿದ ದಿನ ಸರಕಾರವೇ ಕೊಟ್ಟ ಲೆಕ್ಕದಂತೆ ಅಕ್ಕಿಯ ಚಿಲ್ಲರೆ ಬೆಲೆ ಒಂದು ವರ್ಷದಲ್ಲಿ ಶೇಕಡಾ 11.5ರಷ್ಟು ಏರಿತ್ತು. ಪಡಿತರ ಅಕ್ಕಿಯನ್ನೇ ನಂಬಿದ 80 ಕೋಟಿಗೂ ಹೆಚ್ಚು ಜನರಿದ್ದಾರೆ. ಗೋದಾಮು ಖಾಲಿಯಾದರೆ ಅವರ ಪಾಡೇನು? ನಮ್ಮ ಧರ್ಮಕೇಂದ್ರಗಳ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರನ್ನು ಕೇಳಿ ನೋಡಿ. ತಿಂಗಳಿಗೆ ಇಷ್ಟು ಕುಟುಂಬಗಳಿಗೆ ಇಷ್ಟು ಕಿಲೋ ಅಕ್ಕಿ ಎಂದು ವರ್ಷದ ಆರಂಭದಲ್ಲಿ ಹಾಕಿದ ಲೆಕ್ಕ 2023ರ ಕೊನೆಗೆ ಹೇಗೆ ತಪ್ಪಿತೆಂದು ಅವರು ಹೇಳುತ್ತಾರೆ. ಕಾಣಿಕೆ ಡಬ್ಬಿಗೆ ಬೀಳುವ ಹಣ ಅಷ್ಟೇ, ಅಂಗಡಿಯ ಬಿಲ್ಲು ಹೆಚ್ಚು. ಬೆಲೆ ಏರದಂತೆ ತಡೆಯುವುದು ಬಡವರ ಪರವಾದ ಕೆಲಸವೇ. ಇದನ್ನು ಅಲ್ಲಗಳೆಯುವವರು ಬಡವರ ಮನೆಯ ಅಡುಗೆಕೋಣೆ ನೋಡಿಲ್ಲ.

ಆದರೆ ನಮ್ಮ ಬಾಗಿಲು ಮುಚ್ಚಿದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇಕಡಾ 40 ಭಾರತದ್ದು. 2023ರ ಆಗಸ್ಟಿನಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ 15 ವರ್ಷಗಳಲ್ಲೇ ಅತಿ ಎತ್ತರಕ್ಕೆ ಹೋಯಿತು. ಜುಲೈ ಕೊನೆಗೆ ಸಂಯುಕ್ತ ಅರಬ್ ಸಂಸ್ಥಾನವು ಭಾರತದಿಂದ ತರಿಸಿದ ಅಕ್ಕಿಯನ್ನು ಮರುರಫ್ತು ಮಾಡುವುದನ್ನು ನಾಲ್ಕು ತಿಂಗಳು ನಿಲ್ಲಿಸಿತು. ದುಬೈ, ಅಬುಧಾಬಿಯಲ್ಲಿರುವ ನಮ್ಮವರಿಗೆ ಕುಚಲಕ್ಕಿ ಗಂಜಿಯಿಲ್ಲದೆ ದಿನ ಹೋಗದು. ಶೇಕಡಾ 20 ಸುಂಕ ಅವರ ಗಂಜಿಯ ಮೇಲೂ ಬಿತ್ತು. ಅವರು ಹೇಗೋ ತಾಳಿಕೊಂಡಾರು. ಆಫ್ರಿಕಾದ ಪಶ್ಚಿಮ ಕರಾವಳಿಯ ಬಡ ದೇಶಗಳು ನಮ್ಮ ನುಚ್ಚಕ್ಕಿಯನ್ನೇ ಉಣ್ಣುತ್ತಿದ್ದವು ಎಂಬುದು ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾಗಲಿಲ್ಲ.

ಫಿಲಿಪ್ಪೀನ್ಸ್ ದೇಶದ ಉದಾಹರಣೆ ನೋಡಿ. ನಮ್ಮಂತೆಯೇ ಅನ್ನ ಉಣ್ಣುವ ಕಥೊಲಿಕ ಜನರು, ನಮ್ಮಂತೆಯೇ ಮನೆಗೊಬ್ಬರು ವಿದೇಶದಲ್ಲಿ. ತಮಗೆ ಬೇಕಾದಷ್ಟು ಅಕ್ಕಿಯನ್ನು ಅವರು ಬೆಳೆಯುವುದಿಲ್ಲ. 2008ರಲ್ಲಿ ಭಾರತ, ವಿಯೆಟ್ನಾಂ ರಫ್ತು ತಡೆದಾಗ ಥಾಯ್ಲೆಂಡಿನ ಅಕ್ಕಿ ಟನ್ನಿಗೆ 1,000 ಡಾಲರ್ ದಾಟಿತು, ಮನಿಲಾದಲ್ಲಿ ಸರಕಾರಿ ಅಕ್ಕಿಗೆ ಸಾಲು ನಿಂತಿತು. ವಿಚಿತ್ರವೆಂದರೆ ಆ ವರ್ಷ ಜಗತ್ತಿನಲ್ಲಿ ಭತ್ತದ ಬೆಳೆ ಕೆಟ್ಟಿರಲಿಲ್ಲ! ಕೆಟ್ಟದ್ದು ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಕಿಲೋ ಅಕ್ಕಿಗೆ 41 ಮತ್ತು 45 ಪೆಸೊ ಎಂದು ಗರಿಷ್ಠ ಬೆಲೆ ಕಟ್ಟಬೇಕಾಯಿತು. ಎರಡು ವರ್ಷ ಕಳೆಯಿತು. ಭಾರತದ ಅಕ್ಕಿ ಮತ್ತೆ ಹೊರಟಿತು, ಮಳೆಯೂ ಚೆನ್ನಾಗಿ ಆಯಿತು, ಬೆಲೆ ನೆಲ ಕಚ್ಚಿತು. ಈಗ ಅಳುವ ಸರದಿ ಅಲ್ಲಿನ ರೈತನದ್ದು. 2025ರ ಸೆಪ್ಟೆಂಬರ್ 1ರಿಂದ ಅದೇ ದೇಶ ಅಕ್ಕಿಯ ಆಮದನ್ನು 60 ದಿನ ನಿಲ್ಲಿಸಿತು, ಬಳಿಕ ಅದನ್ನು ವರ್ಷಾಂತ್ಯದವರೆಗೆ ಮುಂದುವರಿಸಿತು. ಒಮ್ಮೆ ಅಕ್ಕಿ ಕೊಡುವವರು ಬಾಗಿಲು ಹಾಕಿದರು, ಇನ್ನೊಮ್ಮೆ ಕೊಳ್ಳುವವರು. ಎರಡೂ ಸಲ ಗದ್ದೆಯಲ್ಲಿ ನಿಂತವನಿಗೆ ಮುಂಚಿತವಾಗಿ ಯಾರೂ ತಿಳಿಸಲಿಲ್ಲ.

ನಮ್ಮ ರಾಜ್ಯಕ್ಕೂ ಅದೇ ಬೇಸಿಗೆಯಲ್ಲಿ ಬಿಸಿ ತಟ್ಟಿತ್ತು. 2023ರ ಮೇ ಚುನಾವಣೆಯ ನಂತರ ಅನ್ನಭಾಗ್ಯದಡಿ ತಲಾ 10 ಕಿಲೋ ಅಕ್ಕಿ ಕೊಡಲು ಹೊರಟ ರಾಜ್ಯ ಸರಕಾರ, ಕಿಲೋಗೆ 34 ರೂಪಾಯಿಯಂತೆ ಆಹಾರ ನಿಗಮದಿಂದ ಖರೀದಿಸಲು ಯೋಚಿಸಿತ್ತು. ಜೂನ್ 13ರಂದು ಕೇಂದ್ರವು ರಾಜ್ಯಗಳಿಗೆ ಈ ಮಾರಾಟವನ್ನೇ ನಿಲ್ಲಿಸಿತು. ಹೆಚ್ಚುವರಿ 5 ಕಿಲೋದ ಬದಲು ತಲಾ 170 ರೂಪಾಯಿ ಬ್ಯಾಂಕ್ ಖಾತೆಗೆ ಜಮೆಯಾಗತೊಡಗಿದ್ದು ಹೀಗೆ. ಎರಡೂ ಸರಕಾರಗಳು ಪರಸ್ಪರ ಆರೋಪ ಮಾಡಿದ್ದನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ.

ಮುಂದೇನಾಯಿತು? ಅಷ್ಟೆಲ್ಲ ಹೆದರಿದ ಆ ವರ್ಷ, ಅಂದರೆ 2023-24ರಲ್ಲಿ, ದೇಶದ ಅಕ್ಕಿ ಉತ್ಪಾದನೆ ಸುಮಾರು 13.78 ಕೋಟಿ ಟನ್. ಹಿಂದಿನ ವರ್ಷಕ್ಕಿಂತ ಹೆಚ್ಚೇ! ಕಾಲುವೆ ಮತ್ತು ಕೊಳವೆಬಾವಿಯಿರುವ ಪಂಜಾಬ್, ಹರಿಯಾಣ, ತೆಲಂಗಾಣದಲ್ಲಿ ಬೆಳೆ ಉಳಿಯಿತು. ಒಣಗಿದ್ದು ನಮ್ಮಂತಹ ಮಳೆಯಾಶ್ರಿತ ಗದ್ದೆಗಳು. 2024ರ ಮುಂಗಾರು ವಾಡಿಕೆಯ ಶೇಕಡಾ 108ರಷ್ಟು ಸುರಿಯಿತು; 2024-25ರ ಉತ್ಪಾದನೆ ಸುಮಾರು 15 ಕೋಟಿ ಟನ್ನಿಗೆ ಏರಿತು. ಗೋದಾಮುಗಳಲ್ಲಿ ಜಾಗ ಸಾಲದಾಯಿತು. 2025ರ ಜನವರಿಯಲ್ಲಿ ಕೇಂದ್ರವು ರಾಜ್ಯ ಸರಕಾರಗಳಿಗೂ, ಎಥೆನಾಲ್ ತಯಾರಿಸುವ ಡಿಸ್ಟಿಲರಿಗಳಿಗೂ ಕಿಲೋಗೆ 22 ರೂಪಾಯಿ 50 ಪೈಸೆಯಂತೆ ಅಕ್ಕಿ ಕೊಡಲು ಮುಂದಾಯಿತು. ಆ ಹಂಗಾಮಿನಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,300, ಅಂದರೆ ಕಿಲೋಗೆ 23 ರೂಪಾಯಿ. ಒಂದು ಕ್ವಿಂಟಾಲ್ ಭತ್ತ ಕುಟ್ಟಿದರೆ ಸಿಗುವ ಅಕ್ಕಿ 67 ಕಿಲೋ ಎಂದು ಸರಕಾರದ್ದೇ ಲೆಕ್ಕ. ಭತ್ತಕ್ಕಿಂತ ಅಗ್ಗವಾಗಿ ಅಕ್ಕಿ ಮಾರಬೇಕಾದ ಸ್ಥಿತಿ! ಒಂದೂವರೆ ವರ್ಷದ ಹಿಂದೆ 34 ರೂಪಾಯಿ ಕೊಡುತ್ತೇವೆಂದರೂ ಸಿಗದ ಅಕ್ಕಿಯಿದು. 2025ರ ಫೆಬ್ರವರಿಯಿಂದ ನಮ್ಮ ರಾಜ್ಯ ಹಣದ ಬದಲು ಮತ್ತೆ ಅಕ್ಕಿ ಕೊಡಲು ತೀರ್ಮಾನಿಸಿದ್ದಕ್ಕೆ ಕಾರಣವೂ ಇದೇ.

ಈ ಏರಿಳಿತದಲ್ಲಿ ಕರಾವಳಿಯ ರೈತ ಎಲ್ಲಿದ್ದಾನೆ? ನೇರವಾಗಿ ನೋಡಿದರೆ ಎಲ್ಲಿಯೂ ಇಲ್ಲ. ನಮ್ಮ ಜಿಲ್ಲೆಗಳ ಭತ್ತ ಹಡಗು ಹತ್ತುವುದು ತೀರಾ ಅಲ್ಪ. ನಾವು ಅಂಗಡಿಯಿಂದ ತರುವ ಕುಚಲಕ್ಕಿಯ ಬಹುಪಾಲು ಭತ್ತ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದು ಇಲ್ಲಿನ ಮಿಲ್ಲುಗಳಲ್ಲಿ ಬೇಯುತ್ತದೆ. ಆದರೆ ಬೆಲೆ ಎಂಬುದು ತುಂಬಿದ ಕೆರೆಯ ನೀರಿನಂತೆ, ಒಂದು ಕಡೆ ತೂಬು ಎತ್ತಿದರೆ ಎಲ್ಲ ಕಡೆ ಇಳಿಯುತ್ತದೆ. ಮಿಲ್ಲಿನವರಿಗೆ ಬೇರೆಡೆಯಿಂದ ಅಗ್ಗದ ಭತ್ತ ಸಿಕ್ಕರೆ ಇಲ್ಲಿಯವರಿಗೆ ಹೆಚ್ಚು ಕೊಡಲು ಅವರಿಗೇನು ಕಾರಣ? ಬೆಂಬಲ ಬೆಲೆ ಇದೆಯಲ್ಲ ಎನ್ನಬಹುದು. ಇದೆ, 2025-26ಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ. ಆದರೆ ಖರೀದಿ ಕೇಂದ್ರಕ್ಕೆ ತರುವ ಭತ್ತದಲ್ಲಿ ತೇವಾಂಶ ಶೇಕಡಾ 17ಕ್ಕಿಂತ ಹೆಚ್ಚಿರಬಾರದು. ಅಕ್ಟೋಬರಿನಲ್ಲಿ, ಮಳೆ ಇನ್ನೂ ಬಿಡದಿರುವಾಗ, ಕಟಾವು ಯಂತ್ರದಿಂದ ಇಳಿದ ನಮ್ಮ ಭತ್ತ ಅದಕ್ಕಿಂತ ಎಷ್ಟೋ ಹಸಿ. ಒಣಗಿಸಲು ಹಿಂದಿನ ಅಂಗಳವಿಲ್ಲ. ಇದ್ದ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಕಾರು ನಿಲ್ಲಿಸಿದ್ದೇವೆ. ಪತ್ತಾಯವಂತೂ ಮ್ಯೂಸಿಯಂ ಸೇರಿತು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮವರ ಭತ್ತ ಗದ್ದೆಯ ಬದಿಯಿಂದಲೇ, ಸಿಕ್ಕಿದ ಬೆಲೆಗೆ, ಮಾರಿ ಹೋಗಿರುತ್ತದೆ. ಯಂತ್ರದ ಬಾಡಿಗೆ ಗಂಟೆಗೆ ಎರಡು ಸಾವಿರದ ಆಸುಪಾಸು. ಅದನ್ನು ಆ ದಿನವೇ ಕೊಡಬೇಕು.

ಇದಕ್ಕೆ ಅಡಿಕೆಯನ್ನು ಹೋಲಿಸಿ ನೋಡಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ವಿದೇಶದ ಅಡಿಕೆ ಅದಕ್ಕಿಂತ ಅಗ್ಗವಾಗಿ ಒಳಬಾರದಿರಲಿ, ನಮ್ಮ ಬೆಳೆಗಾರ ಉಳಿಯಲಿ ಎಂಬುದು ಉದ್ದೇಶ. ಒಳ್ಳೆಯದೇ, ನಮ್ಮ ಎಷ್ಟೋ ಕುಟುಂಬಗಳು ಅದರಿಂದ ಬದುಕುತ್ತಿವೆ. ಆದರೆ ಐದೇ ತಿಂಗಳ ನಂತರ ಅದೇ ಸರಕಾರ ಅಕ್ಕಿಯ ಬೆಲೆ ಏರದಿರಲೆಂದು ರಫ್ತಿನ ಬಾಗಿಲು ಹಾಕಿತು. ಒಂದು ಬೆಳೆಗೆ ಬೆಲೆ ಇಳಿಯದಂತೆ ಕಾವಲು, ಇನ್ನೊಂದಕ್ಕೆ ಬೆಲೆ ಏರದಂತೆ ಕಾವಲು. ಬೆಳ್ತಂಗಡಿಯಲ್ಲೋ ಕಾರ್ಕಳದಲ್ಲೋ ಎರಡೆಕರೆ ಗದ್ದೆಯಿರುವ ಮನುಷ್ಯ ಇದನ್ನು ಕಂಡು ಏನು ಮಾಡಬೇಕು? ಜೆಸಿಬಿ ತರಿಸಿ, ಗದ್ದೆಗೆ ಮಣ್ಣು ತುಂಬಿಸಿ, ಅಡಿಕೆ ಸಸಿ ನೆಡುತ್ತಾನೆ. ಅವನಿಗೆ ಅನ್ನದ ಮೇಲೆ ಗೌರವವಿಲ್ಲವೆಂದು ಪ್ರವಚನ ಮಾಡುವುದು ಸುಲಭ; ನಾವೂ ಮಾಡಿದ್ದೇವೆ. ಅವನು ಮೋಡವನ್ನು ಓದಿದಂತೆಯೇ ದೆಹಲಿಯ ಆದೇಶಗಳನ್ನೂ ಓದಿದ್ದಾನೆ ಎಂಬುದು ನಮಗೆ ತಡವಾಗಿ ಹೊಳೆಯಿತು. ಒಂದು ಕಾಲದಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆದ ಬೈಲುಗಳಿದ್ದ ದಕ್ಷಿಣ ಕನ್ನಡದಲ್ಲಿ ಈಗ ಮುಂಗಾರಿನ ಭತ್ತ ಹತ್ತು ಸಾವಿರ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಕೂಲಿಯಾಳುಗಳ ಕೊರತೆ, ತುಂಡು ಜಮೀನು, ನವಿಲು-ಹಂದಿಗಳ ಕಾಟ, ಮುಂಬಯಿ-ಕೊಲ್ಲಿಯ ಸೆಳೆತ ಎಲ್ಲವೂ ಇದಕ್ಕೆ ಕಾರಣವೇ. ಬೆಲೆಯ ಕಾರಣವನ್ನು ಮಾತ್ರ ನಾವು ಕೊನೆಗೆ ಹೇಳುತ್ತೇವೆ.

ಘಟ್ಟದ ಮೇಲೂ ಪರಿಸ್ಥಿತಿ ಬೇರೆಯಲ್ಲ. ಬೇಳೆಯ ಬೆಲೆ ಏರಿತೆಂದು 2021ರಲ್ಲಿ ತೊಗರಿ ಆಮದಿಗೆ ಕೊಟ್ಟ ಮುಕ್ತ ಅವಕಾಶ ವರ್ಷ ವರ್ಷ ಮುಂದುವರಿದು, 2025ರಲ್ಲಿ ಕಲಬುರಗಿಯ ರೈತ ಬೆಂಬಲ ಬೆಲೆಗಿಂತ ಕಡಿಮೆಗೆ ತೊಗರಿ ಮಾರಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮೆಕ್ಕೆಜೋಳದ ರೈತರು ಬೀದಿಗಿಳಿದರು.

1961ರ ಮೇ 15ರಂದು ಜಗದ್ಗುರು ಸಂತ 23ನೇ ಯೊವಾನ್ನರು ಹೊರಡಿಸಿದ ‘ಮಾತೆರ್ ಎತ್ ಮಜಿಸ್ತ್ರಾ’ ಎಂಬ ವಿಶ್ವಪತ್ರದಲ್ಲಿ ಕೃಷಿಯ ಬಗ್ಗೆ ದೀರ್ಘವಾದ ಭಾಗವಿದೆ. ಅವರು ಸ್ವತಃ ಉತ್ತರ ಇಟಲಿಯ ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದವರು. ಧಾನ್ಯವು ಎಲ್ಲರ ಮೂಲಭೂತ ಅಗತ್ಯವಾದುದರಿಂದ ಅದರ ಬೆಲೆ ಎಲ್ಲರ ಕೈಗೆಟುಕುವಂತಿರಬೇಕು ಎಂದು ಅವರು ಒಪ್ಪುತ್ತಾರೆ. ಆದರೆ ಅದನ್ನೇ ನೆಪಮಾಡಿ ರೈತವರ್ಗವನ್ನು ಶಾಶ್ವತವಾಗಿ ಕೀಳು ಆರ್ಥಿಕ ಸ್ಥಿತಿಯಲ್ಲಿ ಇಡುವುದು ಅನ್ಯಾಯ ಎಂದೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತಾರೆ. ಬೈಬಲ್ ತರಗತಿಗಳಲ್ಲಿ ನಾವು ಈಜಿಪ್ಟಿನ ಜೋಸೆಫನ ಕಥೆ ಹೇಳುವಾಗಲೂ ಆದಿಕಾಂಡದ 41ನೇ ಅಧ್ಯಾಯಕ್ಕೇ ನಿಲ್ಲಿಸುತ್ತೇವೆ. ಏಳು ಸಮೃದ್ಧ ವರ್ಷ, ಏಳು ಬರಗಾಲದ ವರ್ಷ, ತುಂಬಿದ ಕಣಜ, ಬದುಕುಳಿದ ಜನ. 47ನೇ ಅಧ್ಯಾಯಕ್ಕೆ ಹೋದರೆ ಅದೇ ಧಾನ್ಯಕ್ಕಾಗಿ ರೈತರು ಮೊದಲು ಹಣ, ಆಮೇಲೆ ದನಕರು, ಕೊನೆಗೆ ಹೊಲವನ್ನೇ ಫರೋಹನಿಗೆ ಒಪ್ಪಿಸುತ್ತಾರೆ. ಹೊಲ ಉಳಿದದ್ದು ಯಾಜಕರಿಗೆ ಮಾತ್ರ! ಈ ವಾಕ್ಯವನ್ನು ಧರ್ಮಗುರುಗಳಾದ ನಾವು ಸ್ವಲ್ಪ ನಿಧಾನವಾಗಿ ಓದಬೇಕು.

ಏಕೆಂದರೆ ನಮ್ಮ ಎಷ್ಟೋ ಇಗರ್ಜಿಗಳಿಗೆ ಇಂದಿಗೂ ಗದ್ದೆಯಿದೆ, ಅದರಲ್ಲಿ ಬಹಳಷ್ಟು ಹಡಿಲು ಬಿದ್ದಿದೆ. ಕೆಲವು ಕಡೆ ಯುವಜನರು ಉತ್ಸಾಹದಿಂದ ನಾಟಿ ಮಾಡಿದ್ದಾರೆ, ಸಂತೋಷ. ನಾಟಿಯ ದಿನ ಕೆಸರಿನಲ್ಲಿ ಫೋಟೋ ತೆಗೆಸಿಕೊಂಡವರು ಕಳೆ ಕೀಳುವ ದಿನ ಕಾಣಲಿಲ್ಲ ಎಂಬ ದೂರೂ ಇದೆ.

ಸರಕಾರದಿಂದ ನಾವು ಕೇಳಬೇಕಾದದ್ದು ಹೆಚ್ಚೇನಿಲ್ಲ. ರಫ್ತು-ಆಮದಿನ ನಿಯಮ ಬದಲಿಸುವುದಿದ್ದರೆ ಬಿತ್ತನೆಗೆ ಮೊದಲು, ಅಂದರೆ ಮೇ ತಿಂಗಳೊಳಗೆ ತಿಳಿಸಲಿ. ರಾತ್ರೋರಾತ್ರಿ ನಿಷೇಧಿಸುವ ಬದಲು ಹಂತಹಂತವಾಗಿ ಸುಂಕ ಹಾಕಲಿ. ಕರಾವಳಿಯ ಖರೀದಿ ಕೇಂದ್ರ ಅಕ್ಟೋಬರಿನಲ್ಲೇ ತೆರೆಯಲಿ, ಅಲ್ಲೊಂದು ಒಣಗಿಸುವ ಯಂತ್ರವಿರಲಿ. ಧರ್ಮಕೇಂದ್ರಗಳು ಮಾಡಬಹುದಾದದ್ದು ಇನ್ನೂ ಸುಲಭ. ವಿನ್ಸೆಂಟ್ ಪಾವ್ಲ್ ಸಭೆ ಹಂಚುವ ಅಕ್ಕಿ, ವಾರ್ಷಿಕ ಹಬ್ಬದ ಊಟದ ಅಕ್ಕಿ, ಹಾಸ್ಟೆಲ್ ಮತ್ತು ಆಶ್ರಮಗಳ ಅಕ್ಕಿ ಇವಿಷ್ಟನ್ನು ತಮ್ಮದೇ ಊರಿನ ರೈತರಿಂದ, ಯಾವ ಜಾತಿ-ಮತದವರೇ ಆಗಲಿ, ಬೆಂಬಲ ಬೆಲೆಗೆ ಕಡಿಮೆಯಾಗದಂತೆ ಭತ್ತವಾಗಿಯೇ ಕೊಳ್ಳಬಹುದು. ಅಕ್ಟೋಬರಿನ ದಸರಾ ರಜೆಯಲ್ಲಿ ಶಾಲೆಯ ಸಭಾಭವನ ಖಾಲಿಯಿರುತ್ತದೆ. ಭತ್ತ ಹರವಲು ಅಷ್ಟು ಒಳ್ಳೆಯ ನೆಲ ಊರಿನಲ್ಲಿ ಇನ್ನೊಂದಿಲ್ಲ. ಎಷ್ಟು ಕ್ವಿಂಟಾಲ್ ಬೇಕೆಂದು ಪಾಲನಾ ಮಂಡಳಿ ಮೇ ತಿಂಗಳ ಸಭೆಯಲ್ಲೇ ನಿರ್ಧರಿಸಿ ರೈತನಿಗೆ ಹೇಳಿದರೆ, ಅವನು ನೇಜಿ ಹಾಕುವಾಗ ಲೆಕ್ಕ ಹಿಡಿಯುತ್ತಾನೆ.

2023ರಲ್ಲಿ ನಮಗೆ ತೆನೆ ಕೊಟ್ಟ ಹಿರಿಯರೊಬ್ಬರಿಗೆ ಈಚೆಗೆ ಫೋನು ಮಾಡಿದ್ದೆವು. ಮೇಲಿನ ಎರಡು ಗದ್ದೆಗೆ ಅಡಿಕೆ ಹಾಕಿಯಾಯಿತಂತೆ. ‘ತೆನೆಗೇನೂ ತೊಂದರೆ ಇಲ್ಲ ಫಾದರ್, ಕೆಳಗಿನ ಗದ್ದೆ ಬಿಟ್ಟಿದ್ದೇನೆ’ ಎಂದರು. ಅದನ್ನೇಕೆ ಬಿಟ್ಟಿರಿ ಎಂದು ಕೇಳಿದೆವು. ಅಲ್ಲಿ ನೀರು ನಿಲ್ಲುತ್ತದೆ, ಅಡಿಕೆಯ ಬೇರು ಕೊಳೆಯುತ್ತದೆ ಎಂದರು.